ಮೇಜು ಹೆಣ್ಣು, ಪುಸ್ತಕ ಗಂಡು: ಸ್ಪ್ಯಾನಿಷ್ ತರಗತಿಯ ಪದಗಳನ್ನು ಲಿಂಗದ ಜೊತೆಗೇ ಕಲಿಯುವ ಬಗೆ

ಸ್ಪ್ಯಾನಿಷ್ ಕಲಿಯಲು ಕೂತವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ‘ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ. ಇದನ್ನೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ?’ ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಓದುವ ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ. ಅಮೆರಿಕದಲ್ಲಿ ಮಕ್ಕಳ ಹೋಂವರ್ಕ್ ನೋಡುವ ಕನ್ನಡಿಗರು ಕೇಳುತ್ತಾರೆ. ಡೆಲೆ ಪರೀಕ್ಷೆಗೆ ತಯಾರಾಗುವವರೂ ಕೇಳುತ್ತಾರೆ. (ಡೆಲೆ ಅಂದರೆ ಸ್ಪೇನಿನ ಸೆರ್ವಾಂತೆಸ್ ಸಂಸ್ಥೆ ನಡೆಸುವ ಭಾಷಾ ಪರೀಕ್ಷೆ. ಅದರ ಮೊದಲ ಮೆಟ್ಟಿಲಿಗೆ ಎ1 ಅನ್ನುತ್ತಾರೆ. ಈ ಸಂಸ್ಥೆಯ ಕೇಂದ್ರ ದೆಹಲಿಯಲ್ಲೂ ಇದೆ.)

ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡೋಣ ಅಂತ ಈ ಲೇಖನ. ತರಗತಿಯಲ್ಲಿ ಕಣ್ಣಿಗೆ ಬೀಳುವ ವಸ್ತುಗಳ ಹೆಸರನ್ನೇ ಹಿಡಿದುಕೊಂಡು ಲಿಂಗದ ಲೆಕ್ಕಾಚಾರ ಕಲಿಯೋಣ.

ಬೇಕಾದ್ದು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಅಂಟಿಸಲು ಸಣ್ಣ ಚೀಟಿಗಳು, ಮತ್ತೆ ಒಂದು ನಂಬಿಕಸ್ತ ನಿಘಂಟು. ಸ್ಪೇನಿನ ರಾಯಲ್ ಅಕಾಡೆಮಿ 1713ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಅದರ ನಿಘಂಟನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ನೋಡಬಹುದು. ಪದದ ಪಕ್ಕ ‘ಎಮ್’ ಅಕ್ಷರ ಇದ್ದರೆ ಪುಲ್ಲಿಂಗ, ‘ಎಫ್’ ಇದ್ದರೆ ಸ್ತ್ರೀಲಿಂಗ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ದೀರ್ಘ ಇರುವ ಕಡೆ ಒತ್ತು ಬೀಳುತ್ತದೆ ಅಂತ ತಿಳಿಯಿರಿ. ‘ಲಾ’, ‘ಲೋಸ್’, ‘ಲಾಸ್’ ಮಾತ್ರ ಓದಲು ಸುಲಭವಾಗಲಿ ಅಂತ ಹಾಗೆ ಬರೆದದ್ದು, ಅಲ್ಲಿ ಒತ್ತಿಲ್ಲ. ಉಚ್ಚಾರಣೆ ಲ್ಯಾಟಿನ್ ಅಮೆರಿಕದ್ದು. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಪದಗಳನ್ನು ರೋಮನ್ ಲಿಪಿಯಲ್ಲೇ ಬರೆಯಿರಿ, ಇಲ್ಲದಿದ್ದರೆ ಕಾಗುಣಿತ ಕೈಗೆ ಹತ್ತುವುದಿಲ್ಲ.

1. ಲಿಂಗ ಪದದ್ದು, ವಸ್ತುವಿನದ್ದಲ್ಲ

ಕನ್ನಡದಲ್ಲಿ ಮೇಜು, ಕುರ್ಚಿ, ಪುಸ್ತಕ ಎಲ್ಲವೂ ನಪುಂಸಕಲಿಂಗ. ಮನುಷ್ಯರಿಗೆ ಮಾತ್ರ ಗಂಡು, ಹೆಣ್ಣು. ಸ್ಪ್ಯಾನಿಷ್ ನಾಮಪದಗಳಿಗೆ ನಪುಂಸಕ ಅನ್ನುವ ಮೂರನೇ ಗುಂಪಿಲ್ಲ. ಎಲ್ಲ ನಾಮಪದಗಳೂ ಪುಲ್ಲಿಂಗದ ಗುಂಪಿಗೋ ಸ್ತ್ರೀಲಿಂಗದ ಗುಂಪಿಗೋ ಸೇರಲೇಬೇಕು.

‘ಮೇಜಿನಲ್ಲಿ ಹೆಣ್ಣಿನ ಗುಣ ಏನಿದೆ?’ ಅಂತ ತಲೆ ಕೆಡಿಸಿಕೊಳ್ಳಬೇಡಿ, ಏನೂ ಇಲ್ಲ. ಸಾಕ್ಷಿ ಬೇಕಾದರೆ ಕಂಪ್ಯೂಟರ್ ನೋಡಿ. ಸ್ಪೇನಿನಲ್ಲಿ ಅದು ‘ಎಲ್ ಒರ್ದೆನದೋರ್’, ಪುಲ್ಲಿಂಗ. ಮೆಕ್ಸಿಕೋದಲ್ಲಿ ‘ಲಾ ಕೊಂಪುತದೋರ’, ಸ್ತ್ರೀಲಿಂಗ. ಕೊಲಂಬಿಯಾದಲ್ಲಿ ‘ಎಲ್ ಕೊಂಪುತದೋರ್’, ಮತ್ತೆ ಪುಲ್ಲಿಂಗ. ಯಂತ್ರ ಅದೇ, ಪದ ಬದಲಾಯಿತು, ಲಿಂಗವೂ ಬದಲಾಯಿತು. ತರಗತಿಯ ಒಳಗೇ ಇನ್ನೊಂದು ಉದಾಹರಣೆ ಇದೆ. ಮೇಜಿಗೆ ‘ಲಾ ಮೇಸ’ ಅಂದರೆ ಸ್ತ್ರೀಲಿಂಗ. ಅದೇ ಮೇಜು ವಿದ್ಯಾರ್ಥಿಯ ಡೆಸ್ಕ್ ಆಗಿ ‘ಎಲ್ ಪುಪೀತ್ರೆ’ ಅನಿಸಿಕೊಂಡರೆ ಪುಲ್ಲಿಂಗ.

2. ಪದಕ್ಕೆ ಮುಂಚೆ ಬರುವ ‘ಎಲ್’, ‘ಲಾ’

ಇವಕ್ಕೆ ಆರ್ಟಿಕಲ್ ಅನ್ನುತ್ತಾರೆ. ನಾಮಪದದ ಮುಂದೆ ಕೂತು ಅದರ ಲಿಂಗ, ವಚನ ತೋರಿಸುವ ಪುಟ್ಟ ಪದಗಳು. ಗೊತ್ತಿರುವ, ಇಂಥದ್ದೇ ಅನ್ನುವ ವಸ್ತುವಾದರೆ ಪುಲ್ಲಿಂಗಕ್ಕೆ ‘ಎಲ್’, ಸ್ತ್ರೀಲಿಂಗಕ್ಕೆ ‘ಲಾ’. ಬಹುವಚನದಲ್ಲಿ ‘ಲೋಸ್’, ‘ಲಾಸ್’. ಯಾವುದೋ ಒಂದು ಅನ್ನುವಾಗ ‘ಉನ್’, ‘ಊನ’.

ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇರುತ್ತದಲ್ಲ, ಇದೂ ಹಾಗೆ. ಬಿಟ್ಟು ಬರೆದರೆ ಹೆಸರು ಅರ್ಧವಾದಂತೆ. ‘ಮೇಸ ಅಂದರೆ ಮೇಜು’ ಅಂತ ಬಾಯಿಪಾಠ ಮಾಡಬೇಡಿ. ‘ಲಾ ಮೇಸ’ ಅಂತ ಒಂದೇ ಉಸಿರಿನಲ್ಲಿ ಕಲಿಯಿರಿ. ಹೊಸಬರು ಮಾಡುವ ತಪ್ಪುಗಳಲ್ಲಿ ಅತಿ ದುಬಾರಿ ಇದೇ: ಮೊದಲು ಪದ ಕಲಿಯೋಣ, ಲಿಂಗ ಆಮೇಲೆ ನೋಡೋಣ ಅನ್ನುವುದು. ಆ ‘ಆಮೇಲೆ’ ಬರುವಷ್ಟರಲ್ಲಿ ಇನ್ನೂರು ಪದಗಳನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

3. ನಾಲಿಗೆ ಪಳಗಿಸಿ

ನಮಗೆ ಇಲ್ಲಿ ಲಾಭ ಜಾಸ್ತಿ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳಿಗೇ ಹತ್ತಿರ. ಸೀಮೆಸುಣ್ಣ ‘ಲಾ ತೀಸ’, ‘ಟೀಸ’ ಅಲ್ಲ. ಇಂಗ್ಲಿಷ್ ಮೂಲಕ ಕಲಿಯುವವರು ಸುಮ್ನೆ ಟ, ಡ ತಂದು ಹಾಕುತ್ತಾರೆ. ತಲೆಯ ಮೇಲೆ ಅಲೆ ಇರುವ ‘ಎನ್’ ಅಕ್ಷರ ನಮ್ಮ ಞ. ವರ್ಣಮಾಲೆಯಲ್ಲಿ ಕಲಿತು ಮರೆತಿದ್ದ ಆ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿತು: ‘ಎಸ್ಪಞೋಲ್’, ‘ಕೊಂಪಞೇರೊ’ (ಸಹಪಾಠಿ). ‘ಎಚ್’ ಬರೆದರೂ ಓದುವುದಿಲ್ಲ, ‘ಜೆ’ ಬರೆದರೆ ಹ ಅಂತ ಓದಬೇಕು. ‘ವಿ’ಯನ್ನು ಬ ಅನ್ನುತ್ತಾರೆ.

ಆದರೆ ನಮ್ಮ ಎರಡು ಅಭ್ಯಾಸಗಳು ಲಿಂಗಕ್ಕೇ ತೊಂದರೆ ಕೊಡುತ್ತವೆ. ಒಂದು, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸುವುದು. ಬಸ್ಸು, ಪೆನ್ನು ಅಂದ ಬಾಯಿ ‘ಪಪೇಲ್’ ಅನ್ನಬೇಕಾದಲ್ಲಿ ‘ಪಪೇಲು’ ಅನ್ನುತ್ತದೆ, ‘ಪರೇದ್’ (ಗೋಡೆ) ಅನ್ನಬೇಕಾದಲ್ಲಿ ‘ಪರೇದು’. ಸ್ಪ್ಯಾನಿಷ್ ಕಿವಿಗೆ ಆ ಉಕಾರ ಒಕಾರದ ಹಾಗೆ ಕೇಳುತ್ತದೆ, ಒಕಾರ ಅಂದರೆ ಪುಲ್ಲಿಂಗದ ಗುರುತು. ಪರೇದ್ ಸ್ತ್ರೀಲಿಂಗ! ಎರಡು, ಎಕಾರದ ಮುಂದೆ ಯಕಾರ ತರುವುದು. ‘ಯೆಲ್ಲಿ’ ಅಂದಂತೆ ‘ಯೆಲ್ ಲೀಬ್ರೊ’ ಅನ್ನಬೇಡಿ. ಬಾಯಿ ತೆರೆದು ನೇರವಾಗಿ ‘ಎಲ್’.

4. ಮೊದಲ ಪಟ್ಟಿ

ನೀವು ಕೂತಿರುವ ಕೋಣೆಯಲ್ಲಿ ಕಾಣುವುದನ್ನೇ ಮೊದಲು ತೆಗೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ, ಎರಡು ಬಣ್ಣ.

ಪುಲ್ಲಿಂಗ:
- ಎಲ್ ಲೀಬ್ರೊ: ಪುಸ್ತಕ
- ಎಲ್ ಕ್ವದೇರ್ನೊ: ನೋಟ್‌ಬುಕ್
- ಎಲ್ ಲಾಪಿಸ್: ಪೆನ್ಸಿಲ್
- ಎಲ್ ಬೊಲೀಗ್ರಫೊ: ಬಾಲ್‌ಪೆನ್
- ಎಲ್ ಪಪೇಲ್: ಕಾಗದ
- ಎಲ್ ರೆಲೋಹ್: ಗಡಿಯಾರ
- ಎಲ್ ಮಾಪ: ನಕ್ಷೆ
- ಎಲ್ ದಿಕ್ಸಿಯೊನಾರಿಯೊ: ನಿಘಂಟು
- ಎಲ್ ಅರ್ಮಾರಿಯೊ: ಬೀರು

ಸ್ತ್ರೀಲಿಂಗ:
- ಲಾ ಮೇಸ: ಮೇಜು
- ಲಾ ಸೀಯ: ಕುರ್ಚಿ
- ಲಾ ಪಿಸಾರ್ರ: ಕಪ್ಪುಹಲಗೆ
- ಲಾ ಪ್ವೇರ್ತ: ಬಾಗಿಲು
- ಲಾ ಬೆಂತಾನ: ಕಿಟಕಿ
- ಲಾ ಮೊಚೀಲ: ಶಾಲೆಯ ಬ್ಯಾಗು
- ಲಾ ರೇಗ್ಲ: ಸ್ಕೇಲು
- ಲಾ ಗೋಮ: ಅಳಿಸುವ ರಬ್ಬರ್
- ಲಾ ಲೂಸ್: ದೀಪ, ಬೆಳಕು
- ಲಾ ಕ್ಲಾಸೆ: ತರಗತಿ, ಪಾಠ

ಅರ್ಮಾರಿಯೊ ನಮಗೆ ದೂರದ ಪದವಲ್ಲ. ಪೋರ್ಚುಗೀಸರು ತಂದ ಅದರ ಜೋಡಿ ಪದವೇ ನಮ್ಮ ಬಾಯಲ್ಲಿ ಅಲ್ಮೇರಾ ಆಗಿ ಕೂತಿದೆ.

ಈಗ ಚೀಟಿ ಬರೆದು ಮನೆಯ ವಸ್ತುಗಳಿಗೆ ಅಂಟಿಸಿ. ಚೀಟಿಯ ಮೇಲೆ ಆರ್ಟಿಕಲ್ ಇರಲೇಬೇಕು. ಒಂದು ದಿನಕ್ಕೆ ಐದಾರು ಪದ ಸಾಕು. ಹತ್ತೊಂಬತ್ತನ್ನೂ ಒಂದೇ ಸಂಜೆ ನುಂಗಿದರೆ ಬೆಳಿಗ್ಗೆ ಪದ ಉಳಿದಿರುತ್ತದೆ, ಆರ್ಟಿಕಲ್ ಹಾರಿಹೋಗಿರುತ್ತದೆ.

5. ಕೊನೆಯ ಅಕ್ಷರ ನೋಡಿ ಊಹಿಸಿ

ಪ್ರತಿ ಪದಕ್ಕೂ ನಿಘಂಟು ತೆರೆಯಬೇಕಿಲ್ಲ. ‘ಒ’ದಲ್ಲಿ ಮುಗಿದರೆ ಸಾಮಾನ್ಯವಾಗಿ ಪುಲ್ಲಿಂಗ, ‘ಅ’ದಲ್ಲಿ ಮುಗಿದರೆ ಸ್ತ್ರೀಲಿಂಗ. ಇಲ್ಲೇ ಕನ್ನಡಿಗರ ಕಾಲಿಗೆ ತೊಡರು. ನಮಗೆ ಹುಡುಗ, ಅಣ್ಣ, ತಮ್ಮ, ಮಾವ ಎಲ್ಲ ‘ಅ’ದಲ್ಲಿ ಮುಗಿಯುವ ಗಂಡಸರು. ಹಿಂದಿ ಬಲ್ಲವರಿಗೆ ಇನ್ನೂ ಕಷ್ಟ: ಲಡ್ಕಾ, ದರ್ವಾಜಾ ಪುಲ್ಲಿಂಗ. ಸ್ಪ್ಯಾನಿಷ್‌ನಲ್ಲಿ ಅದು ತಿರುಗುಮುರುಗು. ಹುಡುಗ ‘ನೀಞೊ’, ಹುಡುಗಿ ‘ನೀಞ’. ಬಾಗಿಲು ‘ಲಾ ಪ್ವೇರ್ತ’, ಸ್ತ್ರೀಲಿಂಗ.

ಹಿಂದಿಯ ಲಿಂಗವನ್ನು ಇಲ್ಲಿಗೆ ಸಾಗಿಸಬೇಡಿ. ಕಿತಾಬ್ ಅಲ್ಲಿ ಸ್ತ್ರೀಲಿಂಗ, ಲೀಬ್ರೊ ಇಲ್ಲಿ ಪುಲ್ಲಿಂಗ. ಮೊದಲು ಫ್ರೆಂಚ್ ಕಲಿತವರಿಗೆ ಹಲವು ಪದಗಳ ಲಿಂಗ ಹೊಂದುತ್ತದೆ, ಆದರೆ ಎಲ್ಲವೂ ಅಲ್ಲ. ಬಣ್ಣ ಅನ್ನುವ ಪದ ಫ್ರೆಂಚ್‌ನಲ್ಲಿ ಸ್ತ್ರೀಲಿಂಗ, ಸ್ಪ್ಯಾನಿಷ್‌ನಲ್ಲಿ ‘ಎಲ್ ಕೊಲೋರ್’.

ಇನ್ನು ಕೆಲವು ಅಂತ್ಯಗಳು:

- ‘ಸಿಯೋನ್’ ಸ್ತ್ರೀಲಿಂಗ: ಲಾ ಲೆಕ್ಸಿಯೋನ್ (ಪಾಠ), ಲಾ ಎದುಕಸಿಯೋನ್ (ಶಿಕ್ಷಣ)
- ‘ದಾದ್’, ‘ತಾದ್’ ಸ್ತ್ರೀಲಿಂಗ: ಲಾ ಉನಿಬೆರ್ಸಿದಾದ್ (ವಿಶ್ವವಿದ್ಯಾಲಯ)
- ‘ಓರ್’ ಸಾಮಾನ್ಯವಾಗಿ ಪುಲ್ಲಿಂಗ: ಎಲ್ ಬೊರ್ರದೋರ್ (ಡಸ್ಟರ್). ಹೂವು ಮಾತ್ರ ‘ಲಾ ಫ್ಲೋರ್’
- ‘ಆಹೆ’ ಪುಲ್ಲಿಂಗ: ಎಲ್ ಮೆನ್ಸಾಹೆ (ಸಂದೇಶ)

‘ಎ’ದಲ್ಲಿ ಮುಗಿಯುವ ಪದಗಳಿಗೆ ಭರವಸೆಯ ಸೂತ್ರ ಇಲ್ಲ. ‘ಲಾ ಕ್ಲಾಸೆ’ ಸ್ತ್ರೀಲಿಂಗ, ‘ಎಲ್ ನೋಂಬ್ರೆ’ (ಹೆಸರು) ಪುಲ್ಲಿಂಗ. ಇಲ್ಲಿ ಊಹೆ ಬೇಡ, ನಿಘಂಟು ನೋಡಿ.

6. ದಾರಿ ತಪ್ಪಿಸುವ ಪದಗಳು

ತರಗತಿಯಲ್ಲಿ ದಿನಾ ಬಳಸುವ ಪದಗಳೇ ನಿಯಮ ಮುರಿಯುತ್ತವೆ. ಹಾಗಾಗಿ ಇವನ್ನು ಬೇಗ ಕಲಿತುಬಿಡಿ.

‘ಎಲ್ ಮಾಪ’ ಪುಲ್ಲಿಂಗ. ‘ಎಲ್ ದೀಯ’ (ದಿನ) ಪುಲ್ಲಿಂಗ. ‘ಲಾ ಮಾನೊ’ (ಕೈ) ಒಕಾರದಲ್ಲಿ ಮುಗಿದರೂ ಸ್ತ್ರೀಲಿಂಗ, ಲ್ಯಾಟಿನ್‌ನಲ್ಲೂ ಹಾಗೇ ಇತ್ತು. ‘ಲಾ ಫೋತೊ’ ಸ್ತ್ರೀಲಿಂಗ, ಯಾಕೆಂದರೆ ಅದು ‘ಲಾ ಫೊತೊಗ್ರಫೀಯ’ದ ತುಂಡು.

ದಿನದ ಲಿಂಗ ಮರೆತರೆ ನಮಸ್ಕಾರ ಹೇಳಿ ನೋಡಿ. ಬೆಳಿಗ್ಗೆ ‘ಬ್ವೇನೊಸ್ ದೀಯಸ್’, ಒಕಾರ ಇದೆ, ಪುಲ್ಲಿಂಗ. ಮಧ್ಯಾಹ್ನ ‘ಬ್ವೇನಸ್ ತಾರ್ದೆಸ್’, ರಾತ್ರಿ ‘ಬ್ವೇನಸ್ ನೋಚೆಸ್’. ತಾರ್ದೆ, ನೋಚೆ ಎರಡೂ ಸ್ತ್ರೀಲಿಂಗ. ಮೊದಲ ದಿನವೇ ಕಲಿತ ಮಾತಿನಲ್ಲಿ ಮೂರು ಪದಗಳ ಲಿಂಗ ಅಡಗಿದೆ!

ಗ್ರೀಕ್‌ನಿಂದ ಬಂದು ‘ಮ’ದಲ್ಲಿ ಮುಗಿಯುವ ಒಂದು ಗುಂಪು ಪುಲ್ಲಿಂಗ: ಎಲ್ ಪ್ರೊಬ್ಲೇಮ (ಸಮಸ್ಯೆ), ಎಲ್ ತೇಮ (ವಿಷಯ), ಎಲ್ ಇದಿಯೋಮ (ಭಾಷೆ), ಎಲ್ ಪ್ರೊಗ್ರಾಮ. ಇದನ್ನು ಕಲಿತ ಉತ್ಸಾಹದಲ್ಲಿ ‘ಎಲ್ ಗೋಮ’ ಅನ್ನಬೇಡಿ. ಗೋಮ ಈ ಗುಂಪಿನದ್ದಲ್ಲ, ಸ್ತ್ರೀಲಿಂಗವೇ.

ಜನರ ಹೆಸರುಗಳಲ್ಲಿ ಕೆಲವು ಎರಡಕ್ಕೂ ಒಂದೇ. ‘ಎಲ್ ಎಸ್ತುದಿಯಾಂತೆ’ ವಿದ್ಯಾರ್ಥಿ, ‘ಲಾ ಎಸ್ತುದಿಯಾಂತೆ’ ವಿದ್ಯಾರ್ಥಿನಿ. ಇನ್ನು ಕೆಲವಕ್ಕೆ ಬಾಲ ಬದಲಾಗುತ್ತದೆ: ಪ್ರೊಫೆಸೋರ್, ಪ್ರೊಫೆಸೋರ, ಅಲೂಮ್ನೊ, ಅಲೂಮ್ನ. ಹುಡುಗರು ಹುಡುಗಿಯರು ಸೇರಿದ ಗುಂಪಿಗೆ ಪುಲ್ಲಿಂಗದ ಬಹುವಚನ, ‘ಲೋಸ್ ಅಲೂಮ್ನೊಸ್’.

ಎಲ್ಲಕ್ಕಿಂತ ತುಂಟ ಪದ ‘ಔಲ’, ಅಂದರೆ ತರಗತಿಯ ಕೋಣೆ. ಅದು ಸ್ತ್ರೀಲಿಂಗ. ಆದರೂ ‘ಎಲ್ ಔಲ’ ಅನ್ನಬೇಕು. ಒತ್ತಿರುವ ‘ಅ’ದಿಂದ ಶುರುವಾಗುವ ಸ್ತ್ರೀಲಿಂಗ ಪದದ ಮುಂದೆ ಏಕವಚನದಲ್ಲಿ ‘ಲಾ’ ಬದಲು ‘ಎಲ್’ ಬರುತ್ತದೆ. ಲಿಂಗ ಮಾತ್ರ ಬದಲಾಗಿಲ್ಲ. ಅದಕ್ಕೇ ‘ಎಲ್ ಔಲ ಪೆಕೇಞ’ (ಚಿಕ್ಕ ಕೋಣೆ), ವಿಶೇಷಣ ಸ್ತ್ರೀಲಿಂಗದಲ್ಲೇ ಇದೆ. ಬಹುವಚನದಲ್ಲಿ ‘ಲಾಸ್ ಔಲಸ್’. ನೀರು ಅನ್ನುವ ‘ಆಗ್ವ’ದ ಕಥೆಯೂ ಇದೇ.

7. ಬಹುವಚನ

ಇದು ಸುಲಭ. ಸ್ವರದಲ್ಲಿ ಮುಗಿದರೆ ‘ಸ್’ ಸೇರಿಸಿ: ಲೋಸ್ ಲೀಬ್ರೊಸ್. ವ್ಯಂಜನದಲ್ಲಿ ಮುಗಿದರೆ ‘ಎಸ್’: ಲೋಸ್ ಪಪೇಲೆಸ್. ಕೊನೆಗೆ ‘ಜೆಡ್’ ಅಕ್ಷರ ಇದ್ದರೆ ಬಹುವಚನದಲ್ಲಿ ಅದನ್ನು ‘ಸಿ’ ಅಂತ ಬರೆಯಬೇಕು: ಲಾಪಿಸ್, ಲಾಪಿಸೆಸ್. ಕತ್ತರಿ ಸಾಮಾನ್ಯವಾಗಿ ಬಹುವಚನದಲ್ಲೇ ಇರುತ್ತದೆ, ‘ಲಾಸ್ ತಿಹೇರಸ್’. ಪೆನ್ಸಿಲ್ ಮೆಂಡರ್ ‘ಎಲ್ ಸಕಪೂಂತಸ್’, ನೋಡಲು ಸ್ತ್ರೀಲಿಂಗ ಬಹುವಚನದಂತಿದ್ದರೂ ಪುಲ್ಲಿಂಗ ಏಕವಚನ.

8. ವಿಶೇಷಣ ಹೊಂದಿಸುವುದು

ನಿಜವಾದ ಕಷ್ಟ ಇರುವುದು ಇಲ್ಲಿ. ಪದದ ಲಿಂಗ ಬಾಯಿಪಾಠ ಮಾಡಿದವರೂ ಇಲ್ಲಿ ಬೀಳುತ್ತಾರೆ. ಕಾರಣ ಇದೆ.

ಕನ್ನಡದಲ್ಲಿ ಲಿಂಗ ಕಾಣುವುದು ವಾಕ್ಯದ ಕೊನೆಯಲ್ಲಿ, ಕ್ರಿಯಾಪದದಲ್ಲಿ. ಬಂದನು, ಬಂದಳು, ಬಂತು. ವಿಶೇಷಣ ಅಲ್ಲಾಡುವುದಿಲ್ಲ: ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಪುಸ್ತಕ. ಸ್ಪ್ಯಾನಿಷ್ ಪೂರ್ತಿ ಉಲ್ಟಾ. ‘ಬಂದ’ ಅನ್ನುವುದಕ್ಕೂ ‘ಬಂದಳು’ ಅನ್ನುವುದಕ್ಕೂ ಅಲ್ಲಿ ಒಂದೇ ಕ್ರಿಯಾಪದ. ಲಿಂಗವೆಲ್ಲ ಆರ್ಟಿಕಲ್‌ನಲ್ಲಿ, ವಿಶೇಷಣದಲ್ಲಿ. ಅಂದರೆ ನಮ್ಮ ಗಮನ ಇರುವುದು ವಾಕ್ಯದ ಬಾಲದಲ್ಲಿ, ಆ ಭಾಷೆ ಕೇಳುವುದು ನಾಮಪದದ ಅಕ್ಕಪಕ್ಕದಲ್ಲಿ. ಇದನ್ನು ಬರೀ ಓದಿ ಕಲಿಯಲು ಆಗುವುದಿಲ್ಲ, ಬಾಯಿ ಬಿಟ್ಟು ಹೇಳಿಯೇ ಅಭ್ಯಾಸ ಆಗಬೇಕು.

ಬಣ್ಣಗಳಿಂದ ಶುರುಮಾಡಿ. ಸಾಮಾನ್ಯವಾಗಿ ಬಣ್ಣ ನಾಮಪದದ ನಂತರ ಬರುತ್ತದೆ.

- ಎಲ್ ಲೀಬ್ರೊ ರೋಹೊ: ಕೆಂಪು ಪುಸ್ತಕ
- ಲಾ ಸೀಯ ರೋಹ: ಕೆಂಪು ಕುರ್ಚಿ
- ಲೋಸ್ ಲೀಬ್ರೊಸ್ ರೋಹೊಸ್: ಕೆಂಪು ಪುಸ್ತಕಗಳು
- ಲಾಸ್ ಸೀಯಸ್ ರೋಹಸ್: ಕೆಂಪು ಕುರ್ಚಿಗಳು

ಕನ್ನಡದ ಕಡೆ ನಾಲ್ಕೂ ಸಲ ‘ಕೆಂಪು’ ಹಾಗೇ ಇದೆ ನೋಡಿ. ಬಿಳಿ (ಬ್ಲಾಂಕೊ, ಬ್ಲಾಂಕ), ಕಪ್ಪು (ನೇಗ್ರೊ, ನೇಗ್ರ) ಕೂಡ ಹೀಗೇ ಬದಲಾಗುತ್ತವೆ. ಹಸಿರು ‘ಬೇರ್ದೆ’, ನೀಲಿ ‘ಅಸೂಲ್’ ಎರಡೂ ಲಿಂಗಕ್ಕೆ ಒಂದೇ, ಬಹುವಚನದಲ್ಲಿ ಮಾತ್ರ ಬೇರ್ದೆಸ್, ಅಸೂಲೆಸ್.

ಎಚ್ಚರ: ವಿಶೇಷಣ ಹೊಂದಬೇಕಾದ್ದು ಪದದ ಲಿಂಗಕ್ಕೆ, ಅದರ ಪ್ರಾಸಕ್ಕಲ್ಲ. ಕಿವಿಗೆ ಇಂಪು ಅಂತ ‘ಎಲ್ ಮಾಪ ರೋಹ’ ಅಂದರೆ ತಪ್ಪು. ‘ಎಲ್ ಮಾಪ ರೋಹೊ’ ಸರಿ. ಹಾಗೇ ‘ಲಾ ಮಾನೊ ಪೆಕೇಞ’.

ಇನ್ನೊಂದು ಮುಖ್ಯ ವಿಷಯ, ನಿಮ್ಮ ಬಗ್ಗೆ ನೀವೇ ಹೇಳುವಾಗ. ‘ನಾನು ರೆಡಿ’, ‘ನಂಗೆ ಸುಸ್ತಾಗಿದೆ’ ಅನ್ನಲು ಕನ್ನಡದಲ್ಲಿ ಗಂಡು ಹೆಣ್ಣಿನ ಭೇದ ಇಲ್ಲ. ಸ್ಪ್ಯಾನಿಷ್‌ನಲ್ಲಿ ಗಂಡಸು ‘ಎಸ್ತೋಯ್ ಲೀಸ್ತೊ’, ‘ಎಸ್ತೋಯ್ ಕನ್ಸಾದೊ’ ಅಂದರೆ, ಹೆಂಗಸು ‘ಎಸ್ತೋಯ್ ಲೀಸ್ತ’, ‘ಎಸ್ತೋಯ್ ಕನ್ಸಾದ’ ಅನ್ನಬೇಕು. ಮೇಷ್ಟ್ರು ಹೇಳಿದ್ದನ್ನು ಹುಡುಗಿಯರು, ಟೀಚರ್ ಹೇಳಿದ್ದನ್ನು ಹುಡುಗರು ಹಾಗೇ ಒಪ್ಪಿಸುವುದು ಎಲ್ಲ ಕಡೆ ನಡೆಯುವ ಎಡವಟ್ಟು.

9. ತರಗತಿಯಲ್ಲಿ ಕೇಳಬೇಕಾದ ಮಾತುಗಳು

- ಕೆ ಎಸ್ ಏಸ್ತೊ? ಇದೇನು?
- ಕೋಮೊ ಸೆ ದೀಸೆ … ಎನ್ ಎಸ್ಪಞೋಲ್? ಸ್ಪ್ಯಾನಿಷ್‌ನಲ್ಲಿ … ಹೇಗೆ ಹೇಳ್ತಾರೆ?
- ಎಸ್ ಮಸ್ಕುಲೀನೊ ಒ ಫೆಮೆನೀನೊ? ಪುಲ್ಲಿಂಗವೋ ಸ್ತ್ರೀಲಿಂಗವೋ?
- ನೊ ಎಂತಿಯೇಂದೊ. ಅರ್ಥವಾಗಲಿಲ್ಲ.
- ಪ್ವೇದೆ ರೆಪೆತೀರ್, ಪೊರ್ ಫಬೋರ್? ದಯವಿಟ್ಟು ಇನ್ನೊಮ್ಮೆ ಹೇಳ್ತೀರಾ?

ಮೊದಲ ವಾಕ್ಯದ ‘ಏಸ್ತೊ’ ಗಮನಿಸಿ. ಇದು ನಪುಂಸಕ ರೂಪ. ವಸ್ತು ಯಾವುದು ಅಂತಲೇ ಗೊತ್ತಿಲ್ಲ, ಹಾಗಾಗಿ ಲಿಂಗವೂ ಗೊತ್ತಿಲ್ಲ. ಉತ್ತರ ಬಂದ ಕ್ಷಣ ಲಿಂಗವೂ ಬರುತ್ತದೆ: ‘ಎಸ್ ಊನ ರೇಗ್ಲ’, ಇದು ಒಂದು ಸ್ಕೇಲು. ಮನೆಯಲ್ಲಿ ಇಬ್ಬರು ಕೂತು ಈ ಪ್ರಶ್ನೋತ್ತರವನ್ನು ದಿನಾ ಹತ್ತು ನಿಮಿಷ ಆಡಿ. ಉತ್ತರದ ಹಿಂದೆ ಒಂದು ಬಣ್ಣವನ್ನೂ ಸೇರಿಸಿ. ಇಷ್ಟು ಮಾಡಿದರೆ ವ್ಯಾಕರಣ ಪುಸ್ತಕದ ಎರಡು ಅಧ್ಯಾಯಗಳ ಕೆಲಸ ಆಗುತ್ತದೆ.

ಕೊನೆಯ ವಾಕ್ಯದ ‘ಪ್ವೇದೆ’ ನಮ್ಮ ‘ನೀವು’ ಥರ, ಗೌರವದ್ದು. ಸಹಪಾಠಿಗಾದರೆ ‘ಪ್ವೇದೆಸ್’. ಸ್ಪೇನಿನ ಶಾಲೆಗಳಲ್ಲಿ ಮಕ್ಕಳು ಟೀಚರ್‌ಗೂ ‘ನೀನು’ ಅನ್ನುವುದು ಮಾಮೂಲು. ನೀವು ‘ನೀವು’ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

10. ದೇಶ ಬದಲಾದರೆ

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಹಾಗಾಗಿ ಪದಗಳಲ್ಲಿ ವ್ಯತ್ಯಾಸ ಇದ್ದೇ ಇದೆ. ಬಾಲ್‌ಪೆನ್ನಿಗೆ ಮೆಕ್ಸಿಕೋದಲ್ಲಿ ‘ಲಾ ಪ್ಲೂಮ’, ಅರ್ಜೆಂಟೀನಾದಲ್ಲಿ ‘ಲಾ ಲಪಿಸೇರ’, ಪೆರುವಿನಲ್ಲಿ ‘ಎಲ್ ಲಪಿಸೇರೊ’. ಕಪ್ಪುಹಲಗೆಗೆ ಮೆಕ್ಸಿಕೋದಲ್ಲಿ ‘ಎಲ್ ಪಿಸರ್ರೋನ್’, ಕೊಲಂಬಿಯಾದಲ್ಲಿ ‘ಎಲ್ ತಬ್ಲೇರೊ’. ಹೋಂವರ್ಕ್ ಸ್ಪೇನಿನಲ್ಲಿ ‘ಲೋಸ್ ದೆಬೇರೆಸ್’, ಲ್ಯಾಟಿನ್ ಅಮೆರಿಕದಲ್ಲಿ ‘ಲಾ ತರೇಯ’. ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಲ್ಯಾಟಿನ್ ಅಮೆರಿಕದ ಪದಗಳೇ ನಡೆಯುತ್ತವೆ. ನಿಮ್ಮ ಟೀಚರ್ ಯಾವುದನ್ನು ಬಳಸುತ್ತಾರೋ ಅದನ್ನೇ ಹಿಡಿಯಿರಿ. ಆ್ಯಪ್ ಬೇರೆ ಪದ ಹೇಳಿದರೆ ಗಾಬರಿ ಬೇಡ, ಅದರ ಲಿಂಗ ಮಾತ್ರ ಹೊಸದಾಗಿ ನೋಡಿಕೊಳ್ಳಿ.

11. ಪರೀಕ್ಷೆ ಮಾಡಿಕೊಳ್ಳಿ

ಮೇಲೆ ನೋಡದೆ ಹೇಳಿ, ಎಲ್ ಅಥವಾ ಲಾ?

ಸಿಯುದಾದ್ (ನಗರ), ತೇಮ, ಪ್ರೊನುನ್ಸಿಯಸಿಯೋನ್ (ಉಚ್ಚಾರಣೆ), ಪರೇದ್, ಕೊಲೋರ್, ಗೋಮ, ನೋಚೆ, ಆಗ್ವ.

ಉತ್ತರ: ಲಾ ಸಿಯುದಾದ್, ಎಲ್ ತೇಮ, ಲಾ ಪ್ರೊನುನ್ಸಿಯಸಿಯೋನ್, ಲಾ ಪರೇದ್, ಎಲ್ ಕೊಲೋರ್, ಲಾ ಗೋಮ, ಲಾ ನೋಚೆ, ಎಲ್ ಆಗ್ವ.

ಎಂಟರಲ್ಲಿ ಆರು ಸರಿಯಾದರೆ ಮುಂದಿನ ಪಟ್ಟಿಗೆ ಹೋಗಿ. ಪರೇದ್ ತಪ್ಪಿದ್ದರೆ ಅದರ ಕೊನೆಗೆ ಉಕಾರ ಸೇರಿಸಿದ್ದಿರಾ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ಆಗ್ವ ಸರಿಯಾಗಿದ್ದರೆ ‘ತಣ್ಣೀರು’ ಕೂಡ ಹೇಳಿ. ಅದು ‘ಎಲ್ ಆಗ್ವ ಫ್ರೀಯ’, ‘ಫ್ರೀಯೊ’ ಅಲ್ಲ.